ಒದ್ದೆ ರಟ್ಟಿನ ವಾಸನೆ

ನಮ್ಮ ಅಂಗಡಿಗೆ ಬರುವವರು ಬಾಗಿಲು ದಾಟಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಕ್ಷಮೆ ಕೇಳುವುದು. “ನನಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ, ತಪ್ಪು ತಿಳ್ಕೋಬೇಡಿ” ಎಂದೇ ಶುರು ಮಾಡುತ್ತಿದ್ದರು. ಚಪ್ಪಲಿ ಅಂಗಡಿಗೆ ಹೋಗಿ ‘ನನಗೆ ಚಪ್ಪಲಿ ಬಗ್ಗೆ ಏನೂ ಗೊತ್ತಿಲ್ಲ’ ಎಂದು ಯಾರಾದರೂ ತಲೆ ತಗ್ಗಿಸಿ ನಿಲ್ಲುತ್ತಾರೆಯೇ? ಕಾಲಿಗೆ ಹಾಕಿ ನೋಡುತ್ತಾರೆ, ಕಚ್ಚಿದರೆ ಬಿಡುತ್ತಾರೆ, ಅಷ್ಟೇ. ನಮ್ಮಲ್ಲಿ ಮಾತ್ರ ಓದಿಕೊಳ್ಳದೆ ಪರೀಕ್ಷೆಗೆ ಬಂದವರಂತೆ ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದರು. ಹತ್ತು ನಿಮಿಷ ಸುತ್ತಾಡಿ, ಕಣ್ಣಿಗೆ ಚೆಂದ ಕಂಡ ಬಾಟಲಿಯೊಂದನ್ನು ಎತ್ತಿಕೊಂಡು ಬಂದು, ಅದನ್ನು ಯಾಕೆ ಆರಿಸಿದೆ ಎಂದು ಎಲ್ಲಿ ಕೇಳಿಬಿಡುತ್ತೇವೋ ಎಂದು ಹೆದರಿ ಬೇಗ ಹೊರಟುಬಿಡುತ್ತಿದ್ದರು. ಅರ್ಧದಷ್ಟು ಜನ ಬರಿಗೈಯಲ್ಲೇ ಹೋಗುತ್ತಿದ್ದರು.

ಈ ಹೆದರಿಕೆಗೆ ಕಾರಣರು ಇಬ್ಬರು. ಒಬ್ಬರು ನನ್ನ ಭಾವ, ಅಂಗಡಿಯ ಯಜಮಾನರು. ಇನ್ನೊಬ್ಬಳು ನಾನು. ಭಾವ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಪ್ರತಿ ಬಾಟಲಿಯ ಕೊರಳಿಗೂ ಅಂಗೈಯಗಲದ ಒಂದು ಕಾರ್ಡು ಕಟ್ಟುವುದು ಅವರ ಪದ್ಧತಿ. ಬಾಟಲಿ ತೆಗೆದು, ಗ್ಲಾಸಿಗೆ ಸುರಿದು, ಮೂಗನ್ನು ಅದರೊಳಗೆ ಇಳಿಸಿ, ಕಣ್ಣು ಮುಚ್ಚಿ ಅವರು ಹೇಳಿದ್ದನ್ನು ನಾನು ಕಪ್ಪು ಶಾಯಿಯಲ್ಲಿ ದುಂಡಗೆ ಬರೆಯಬೇಕು. “ಮಾಗಿದ ಕಪ್ಪು ಹಣ್ಣುಗಳ ಗಾಂಭೀರ್ಯ. ನಡುವೆ ದೇವದಾರು ಮರದ ಮೌನ. ಕೊನೆಯಲ್ಲಿ ಸುದೀರ್ಘ ವಿಷಾದ.” ಇದನ್ನು ಓದಿದ ಬಸ್ ಕಂಡಕ್ಟರ್ ಒಬ್ಬ ಒಮ್ಮೆ ನನ್ನ ಹತ್ತಿರ ಬಂದು, “ಅಕ್ಕ, ಇದನ್ನ ಕುಡಿದ್ರೆ ಕೊನೆಗೆ ಬೇಜಾರಾಗುತ್ತಾ?” ಎಂದು ಕೇಳಿದ. ಅವನಿಗೆ ನಾಳೆ ರಜೆಯಂತೆ, ಖುಷಿಯಾಗಿರಬೇಕಂತೆ. ನಾನು ಇಲ್ಲಪ್ಪ ಅಂದೆ. ಅವನು ನಂಬದೆ ಎದುರಿನ ಅಂಗಡಿಗೆ ಹೋಗಿ ಬಿಯರ್ ತೆಗೆದುಕೊಂಡ.

ನನ್ನ ಬಗ್ಗೆ ಎರಡು ಮಾತು. ಮೊದಲು ನಾನು ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಏಣಿ ಹತ್ತಿ, ಕುಂಚ ಹಿಡಿದು, ಈ ಬೀದಿಯ ಅರ್ಧ ಅಕ್ಷರಗಳನ್ನು ಬರೆದವಳು ನಾನೇ. ಅಚ್ಚು ಹಾಕಿದ ಬೋರ್ಡುಗಳು ಬಂದ ಮೇಲೆ ಕುಂಚ ಕೇಳುವವರಿಲ್ಲದೆ ಮನೆಯಲ್ಲಿ ಕೂತಿದ್ದಾಗ, ಭಾವ ಬಂದು, “ಪುಟ್ಟಿ, ನಿನ್ನ ಅಕ್ಷರ ಹಾಳಾಗಬಾರದು, ನಾಳೆಯಿಂದ ಬಾ” ಎಂದರು. ಅಕ್ಕನ ಮದುವೆಯಾದಾಗ ನನಗೆ ಎಂಟು ವರ್ಷ. ಆಗಿಟ್ಟ ಹೆಸರು, ತಲೆ ನರೆತರೂ ಅವರಿಗೆ ನಾನು ಪುಟ್ಟಿಯೇ. ಆ ದಿನದ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಆರು ವರ್ಷದಲ್ಲಿ ಸಾವಿರ ಕಾರ್ಡು ಬರೆದರೂ ‘ನಿನಗೇನನ್ನಿಸಿತು?’ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ ಎಂಬುದನ್ನೂ ಮರೆತಿಲ್ಲ. ಕೇಳದೆ ಇರುವುದಕ್ಕೆ ಕಾರಣವೂ ಇತ್ತು. ನಾನು ಕೆಂಪು ವೈನಿಗೆ ಐಸ್ ಹಾಕಿಕೊಂಡು ಕುಡಿಯುತ್ತೇನೆ. ಮೊದಲ ಸಲ ಅದನ್ನು ನೋಡಿದಾಗ ಭಾವ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು.

ಅವರ ಮೂಗಿನ ಹೆಸರು ದೊಡ್ಡದು. ಕಣ್ಣು ಕಟ್ಟಿ ಐದು ಗ್ಲಾಸು ಕೊಟ್ಟರೆ ಯಾವ ವರ್ಷದ್ದು, ಗುಡ್ಡದ ಯಾವ ಮಗ್ಗುಲಿನ ದ್ರಾಕ್ಷಿ ಎಂದು ಹೇಳುತ್ತಿದ್ದರು. ಸೆಂಟು ಹಾಕಿಕೊಂಡು ಬಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದರು. ನಾನು ತಲೆಗೆ ಹಚ್ಚುವ ಎಣ್ಣೆಯನ್ನೂ ಅವರೇ ಆರಿಸಿದ್ದು, ವಾಸನೆಯೇ ಇಲ್ಲದ್ದು. ಬೀದಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುವವಳು ನಿಜವಾಗಿ ನನ್ನ ಅಕ್ಕ, ಶಾಲೆಯಲ್ಲಿ ಗಣಿತದ ಟೀಚರ್. ಅವಳನ್ನು ಯಾರೂ ಹಾಗೆ ಭಕ್ತಿಯಿಂದ ಕರೆಯುವುದಿಲ್ಲ.

ವರ್ಷದ ಆರಂಭದಲ್ಲಿ ಭಾವನಿಗೆ ಜ್ವರ ಬಂತು. ಎರಡು ವಾರ ಮಲಗಿದರು. ಎದ್ದು ಬಂದ ಮೇಲೆ ಎಲ್ಲ ಮೊದಲಿನಂತೆಯೇ ನಡೆಯಿತು. ಗ್ಲಾಸಿಗೆ ಮೂಗು, ಮುಚ್ಚಿದ ಕಣ್ಣು, ಗಾಂಭೀರ್ಯ, ಮೌನ, ವಿಷಾದ. ಒಂದು ದಿನ ಮಾತ್ರ ಅವರು ಅಕ್ಕನ ಗುಲಾಬಿ ಸೋಪಿನಲ್ಲಿ ಸ್ನಾನ ಮಾಡಿ ಬಂದಿದ್ದರು, ಅಂಗಡಿಯೆಲ್ಲ ಘಮ್ ಎನ್ನುತ್ತಿತ್ತು. ಪಾಪ, ಕಾಯಿಲೆಯಿಂದ ಎದ್ದವರು, ಮರೆತಿರಬೇಕು ಎಂದುಕೊಂಡೆ. ನನ್ನ ತಲೆ ಅಷ್ಟಕ್ಕೇ ಓಡಿತು.

ಪ್ರತಿ ಗುರುವಾರ ಸಂಜೆ ಐದೂವರೆಗೆ ಅಂಗಡಿಯ ನಡುವಿನ ಉದ್ದನೆಯ ಮೇಜಿನ ಸುತ್ತ ಆರು ಜನ ಕೂರುತ್ತಾರೆ. ಭಾವ ಎರಡೋ ಮೂರೋ ಬಾಟಲಿ ತೆಗೆದು ರುಚಿ ತೋರಿಸುತ್ತಾರೆ. ಹಲ್ಲಿನ ಡಾಕ್ಟರ್, ಲೈಬ್ರರಿ ನೋಡಿಕೊಳ್ಳುವ ಹೆಂಗಸು, ಬಟ್ಟೆ ಅಂಗಡಿಯ ಗಂಡ ಹೆಂಡತಿ, ಮತ್ತೆ ಯಾರಾದರೂ ಇಬ್ಬರು. ಆ ಗುರುವಾರ ಹಿಂದಿನ ಕೋಣೆಯ ಸಿಂಕ್ ಬೆಳಗಿನಿಂದಲೂ ಸೋರುತ್ತಿತ್ತು. ಗ್ಲಾಸು ತೊಳೆಯದೆ ಗುರುವಾರ ನಡೆಯುವುದಿಲ್ಲ. ಹಾಗಾಗಿ ನಲ್ಲಿ ರಿಪೇರಿಯವನನ್ನು ಕರೆಸಿದ್ದೆ. ಐವತ್ತರ ಆಸುಪಾಸಿನ, ಗಿಡ್ಡಗಿನ, ಮಾತು ಕಡಿಮೆಯ ಮನುಷ್ಯ. ಅವನು ಸಿಂಕಿನ ಕೆಳಗೆ ನುಸುಳಿ, ಪೈಪು ಬಿಚ್ಚಿ, ಹೊಸದು ಜೋಡಿಸಿ, “ಅಂಟು ಒಣಗೋಕೆ ಅರ್ಧ ಗಂಟೆ ಬೇಕು. ಕಾಯ್ತೀನಿ” ಎಂದು ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ಬಂದು ನಿಂತ.

ಮೇಜಿನಲ್ಲಿ ಆಗಷ್ಟೇ ಎರಡನೆಯ ಬಾಟಲಿ ತೆಗೆದಿದ್ದರು. ಭಾವ ಮೂಸಿ, ಬಾಯಿಗೆ ಹಾಕಿ, ಚಪ್ಪರಿಸಿ, “ಇದರಲ್ಲಿ ಹಳೆಯ ಕಾಡಿನ ನೆಲ ಇದೆ. ಗಮನಿಸಿ” ಎಂದರು. ಡಾಕ್ಟರು ತಲೆಯಾಡಿಸಿ “ಹೌದು, ನೆಲ” ಎಂದರು. ಬಟ್ಟೆ ಅಂಗಡಿಯವರು “ಎಲೆ ಕೂಡ” ಎಂದರು. ಲೈಬ್ರರಿಯವರು ಕಣ್ಣು ಮುಚ್ಚಿಕೊಂಡಿದ್ದರು. ಎದುರಿಗೆ ಒಬ್ಬ ಮನುಷ್ಯ ನಿಂತಿರುವಾಗ ನಾವು ಮಾತ್ರ ಕುಡಿಯುವುದು ನನ್ನಿಂದ ಆಗದ ಕೆಲಸ. ಒಂದು ಗ್ಲಾಸಿಗೆ ಸ್ವಲ್ಪ ಸುರಿದು ಅವನ ಕೈಗೂ ಕೊಟ್ಟೆ. ಅವನು ಸಂಕೋಚದಿಂದ ತೆಗೆದುಕೊಂಡ. ಬಾಯಿಯ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ.

“ಸಾರ್, ಇದು ಒದ್ದೆ ರಟ್ಟಿನ ವಾಸನೆ” ಎಂದ. “ಸಿಂಕ್ ಕೆಳಗೆ ಪೈಪ್ ಸೋರಿ, ಅಲ್ಲಿಟ್ಟಿರೋ ರಟ್ಟಿನ ಡಬ್ಬ ನೆಂದು ನಾಲ್ಕು ದಿನ ಆಗಿರುತ್ತಲ್ಲ, ಅದೇ.”

ಅವನು ತಮಾಷೆಗೆ ಹೇಳಿದ್ದಲ್ಲ. ದಿನಕ್ಕೆ ನಾಲ್ಕು ಸಲ ಮೂಸುವ ವಾಸನೆಯನ್ನು ಗುರುತು ಹಿಡಿದು ಹೇಳಿದ, ಅಷ್ಟೇ. ಭಾವ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

“ಅದು ನಿನ್ನ ಕೈಗೆ ಅಂಟಿರೋದಪ್ಪ. ಈಗಷ್ಟೇ ಅಲ್ಲಿಂದ ಎದ್ದು ಬಂದಿದ್ದೀಯ” ಎಂದರು.

ಎಲ್ಲರೂ ಹಗುರಾಗಿ ನಕ್ಕರು. ಅವನೂ ನಗಲು ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ, ಪ್ಯಾಂಟಿಗೆ ಒರೆಸಿದ, ಗ್ಲಾಸನ್ನು ಹುಷಾರಾಗಿ ಕಪಾಟಿನ ಮೇಲಿಟ್ಟು ಹಿಂದಿನ ಕೋಣೆಗೆ ಹೋದ. ನನ್ನ ಗ್ಲಾಸನ್ನು ಎತ್ತಿ ಮೂಸಿದೆ.

ಒದ್ದೆ ರಟ್ಟು. ಅನುಮಾನವೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಭಾವ ಕಲಿಸಿಕೊಟ್ಟ ವಾಸನೆ ಅದು. ಬಿರಡೆಯಲ್ಲಿ ದೋಷವಿದ್ದರೆ ವೈನ್ ಕೆಡುತ್ತದೆ, ಕೆಟ್ಟರೆ ಹೀಗೇ ನಾರುತ್ತದೆ, ಒಂದು ಸಲ ಮೂಸಿದರೆ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಒಂದು ಕೆಟ್ಟ ಬಾಟಲಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಿದ್ದರು. ಅಂಗಡಿಯಲ್ಲಿ ಯಾರಿಗೆ ತಪ್ಪಿದರೂ ಅವರಿಗೆ ತಪ್ಪುವಂತಿರಲಿಲ್ಲ. ಗುಲಾಬಿ ಸೋಪು ನೆನಪಾಯಿತು.

ಎಲ್ಲರೂ ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಭಾವ ಗ್ಲಾಸು ತೊಳೆಯುತ್ತಿದ್ದರು. ನಲ್ಲಿಯವನು ಯಾರಿಗೂ ಹೇಳದೆ ಹೋಗಿಬಿಟ್ಟಿದ್ದ.

“ಭಾವ, ಯಾವತ್ತಿನಿಂದ?” ಎಂದೆ.

ಯಾವುದು ಎಂದು ಅವರು ಕೇಳಲಿಲ್ಲ. ಗ್ಲಾಸು ಕೆಳಗಿಟ್ಟು, ಮೇಜಿನ ಖಾನೆ ಎಳೆದು ತೋರಿಸಿದರು. ಒಳಗೆ ನಾಲ್ಕು ಸಣ್ಣ ಜಾಡಿ. ಕಾಫಿಪುಡಿ, ಕಿತ್ತಳೆ ಸಿಪ್ಪೆ, ಸೋಪಿನ ತುಂಡು, ಉಜ್ಜಿ ಆರಿಸಿದ ಬೆಂಕಿಕಡ್ಡಿಗಳು.

“ಜ್ವರ ಬಿಟ್ಟಾಗಿನಿಂದ. ದಿನಾ ಬೆಳಿಗ್ಗೆ ಒಂದೊಂದಾಗಿ ಮೂಸ್ತೀನಿ. ನಾಲ್ಕೂ ಒಂದೇ. ಬಿಳಿ ಕಾಗದ ಮೂಸಿದ ಹಾಗೆ.”

“ಮೂಗಿನ ಡಾಕ್ಟರಿಗೆ ತೋರಿಸಿದ್ರಾ?”

“ವಾಸನೆ ವಾಪಸು ಬರಬಹುದು, ಬರದೇನೂ ಇರಬಹುದು ಅಂದ್ರು.”

“ಮತ್ತೆ ಇಷ್ಟು ದಿನ ನನ್ನ ಹತ್ತಿರ ಬರೆಸಿದ್ದು?”

“ನೆನಪಿನಿಂದ ಹೇಳ್ತಿದ್ದೆ. ಹಳೇ ಬಾಟಲಿಗಳು ನೆನಪಿವೆಯಲ್ಲ” ಎಂದು ಸ್ಟೂಲಿನ ಮೇಲೆ ಕೂತರು. “ವಾಸನೆ ಗೊತ್ತಾಗದೋನು ವೈನ್ ಅಂಗಡಿ ಇಟ್ಕೊಂಡು ಏನು ಮಾಡಲಿ, ಪುಟ್ಟಿ? ಪಕ್ಕದ ಬೀದಿಯ ಔಷಧಿ ಅಂಗಡಿಯವರು ಜಾಗ ಕೇಳ್ತಿದ್ದಾರೆ. ತಿಂಗಳ ಕೊನೆಗೆ ಬೀಗದ ಕೈ ಕೊಟ್ಟುಬಿಡೋಣ ಅಂತಿದ್ದೀನಿ. ಅಲ್ಲೀವರೆಗೆ ಯಾರಿಗೂ ಹೇಳಬೇಡ. ಅಕ್ಕನಿಗೂ.”

ನನಗೆ ಅಳು ಬಂತು, ಕೋಪವೂ ಬಂತು. ಕೋಪ ಮೊದಲು ಬಾಯಿಗೆ ಬಂತು.

“ಅಂಗಡಿ ಆಮೇಲೆ ಮುಚ್ಚಿ. ನಿಮ್ಮ ಮೂಗು ಹೋಗಿದ್ದಕ್ಕೆ ನೀವೇನು ಮಾಡ್ತೀರಿ, ಪಾಪ. ಆದರೆ ಸರಿಯಾಗಿ ಹೇಳಿದ ಮನುಷ್ಯನ್ನ ಆರು ಜನರ ಮುಂದೆ ಅವನ ಕೈ ಅವನೇ ನೋಡ್ಕೊಳ್ಳೋ ಹಾಗೆ ಮಾಡಿದ್ರಲ್ಲ, ಅದು ಮೂಗಿನ ತಪ್ಪಲ್ಲ. ಮೊದಲು ಅವನ ಹತ್ತಿರ ತಪ್ಪಾಯ್ತು ಅನ್ನಿ.”

ಭಾವನ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ನೆಲ ನೋಡುತ್ತಾ ಹೂಂ ಅಂದರು.

ಮರುದಿನ ಬೆಳಿಗ್ಗೆ ಜೋಡಿಸಿದ ಪೈಪು ಸರಿಯಿದೆಯೇ ನೋಡಲು ನಲ್ಲಿಯವನು ಬಂದ. ನಿನ್ನೆಯ ಮುಖ ಹಾಗೇ ಇತ್ತು. ಭಾವ ಅವನನ್ನು ತಡೆದು ಕುರ್ಚಿ ಎಳೆದುಕೊಟ್ಟರು.

“ನಿನ್ನೆ ನೀವು ಹೇಳಿದ್ದೇ ಸರಿ. ಬಾಟಲಿ ಕೆಟ್ಟಿತ್ತು. ನನಗೆ ಗೊತ್ತಾಗಲಿಲ್ಲ, ಮೂಗು ಕೆಲಸ ಮಾಡ್ತಿಲ್ಲ. ಅದನ್ನ ಮುಚ್ಚಿಡೋಕೆ ನಿಮ್ಮ ಕೈ ಮೇಲೆ ಹಾಕಿದೆ. ತಪ್ಪಾಯ್ತು” ಎಂದರು.

ನಿನ್ನೆಯ ‘ನೀನು’ ಇವತ್ತು ‘ನೀವು’ ಆಗಿತ್ತು. ಅವನು ಗಲಿಬಿಲಿಯಾಗಿ, “ಬಿಡಿ ಸಾರ್, ಅದರಲ್ಲೇನಿದೆ” ಎಂದು ಎದ್ದುಬಿಟ್ಟ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅಂದು ಬೆಳಿಗ್ಗೆ ಹೊಸ ಕೆಂಪು ವೈನ್ ಒಂದು ಬಂದಿತ್ತು. ಭಾವ ಯಾವತ್ತೂ ಕುಡಿಯದಿದ್ದದ್ದು, ನೆನಪಿನಿಂದ ಹೇಳಲು ಬಾರದ್ದು. ಅದರ ಕೊರಳು ಖಾಲಿಯಿತ್ತು. ಭಾವ ಅದನ್ನು ನೋಡಿದರು, ಅವನನ್ನು ನೋಡಿದರು.

“ಇದನ್ನೊಂದು ನೋಡಿ ಹೇಳ್ತೀರಾ?”

“ಬೆಳಿಗ್ಗೆ ಬೆಳಿಗ್ಗೆನೇ? ಇನ್ನೂ ಮೂರು ಮನೆ ಕೆಲಸ ಇದೆ.”

“ಕುಡೀಬೇಡಿ. ಮೂಸಿ ಸಾಕು. ಬೇಕಾದ್ರೆ ನಾಲಿಗೆಗೆ ಒಂದು ತೊಟ್ಟು.”

ಅವನು ಮೂಸಿದ. ತೊಟ್ಟು ಬಾಯಿಗೆ ಹಾಕಿದ. ನಾನು ಪೆನ್ನು ಹಿಡಿದು ಕೂತಿದ್ದೆ.

“ನನಗೆ ನಿಮ್ಮ ಹಾಗೆ ಹೇಳೋಕೆ ಬರಲ್ಲ ಸಾರ್.”

“ಬರಬಾರದು ಅಂತಲೇ ಕೇಳ್ತಿರೋದು” ಎಂದೆ ನಾನು, ನಡುವೆ ಬಾಯಿ ಹಾಕಿ.

“ಕೆಲಸ ಮುಗಿಸಿ, ಮನೆಗೆ ಹೋಗಿ, ಕೈಕಾಲು ತೊಳ್ಕೊಂಡು, ಬನಿಯನ್ನಲ್ಲಿ ಕೂತು ಕುಡಿಯೋ ಅಂಥದ್ದು. ಹಣ್ಣಿನ ಜಾಮ್ ಇದ್ದ ಹಾಗಿದೆ, ಸಿಹಿ ಮಾತ್ರ ಇಲ್ಲ. ಗಂಟಲಲ್ಲಿ ಜಗಳ ಮಾಡಲ್ಲ.”

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಕೆಳಗೆ ‘ನಲ್ಲಿ ರಿಪೇರಿಯವರು’ ಎಂದು ಸಹಿಯ ಜಾಗದಲ್ಲಿ ಹಾಕಿದೆ. ‘ಬನಿಯನ್’ ಎಂಬಲ್ಲಿ ಭಾವನ ಮುಖ ಕಿವುಚಿತು. ಆರು ವರ್ಷ ದೇವದಾರು ಬರೆದ ಕೈಗೆ ಬನಿಯನ್ ಬರೆಯುವುದರಲ್ಲಿ ಎಷ್ಟು ಸುಖ ಸಿಕ್ಕಿತು ಎಂದು ಅವರಿಗೆ ಹೇಳಲಿಲ್ಲ.

ಮಧ್ಯಾಹ್ನ ಬಂದ ಮುದುಕರೊಬ್ಬರು ಕಾರ್ಡು ಓದಿ ಗಹಗಹಿಸಿ ನಕ್ಕರು. ನಮ್ಮ ಅಂಗಡಿಯಲ್ಲಿ ಯಾರಾದರೂ ಜೋರಾಗಿ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. “ನಾನು ಬನಿಯನ್ ಪಾರ್ಟಿ” ಎಂದು ಆ ಬಾಟಲಿಯನ್ನೇ ಕೊಂಡರು, ಕ್ಷಮೆ ಕೇಳಲಿಲ್ಲ. ಸಂಜೆ ಇನ್ನೊಬ್ಬಾಕೆ, ಆಸ್ಪತ್ರೆಯ ನರ್ಸ್, ಕೆಲಸದ ಬಟ್ಟೆಯಲ್ಲೇ ಬಂದವಳು, “ನಾನೂ ಒಂದಕ್ಕೆ ಹೇಳಬಹುದಾ?” ಎಂದು ಕೇಳಿದಳು. ಭಾವ ಒಂದು ಕ್ಷಣ ತಡೆದು, ಬಿಳಿ ವೈನ್ ಒಂದನ್ನು ತೆಗೆದು ಅವಳ ಮುಂದಿಟ್ಟರು. “ಮೊದಲ ಗುಟುಕಿಗೆ ಹುಳಿ ಅನ್ನಿಸುತ್ತದೆ. ಸಿಟ್ಟಾಗಬೇಡಿ. ಎರಡನೆಯದಕ್ಕೆ ಸರಿಹೋಗುತ್ತದೆ” ಎಂದು ಅವಳು ಹೇಳಿದ್ದನ್ನು ಬರೆದು ಕಟ್ಟಿದೆ.

ಆಮೇಲೆ ಹಿಡಿಯುವವರಿಲ್ಲ. ಕ್ಷೌರದವನು ಬಂದು, “ಇದಕ್ಕೆ ವಾಸನೆ ಕಡಿಮೆ, ಕುಡಿದ್ರೆ ಮಾತು ಜಾಸ್ತಿ ಬರುತ್ತೆ” ಎಂದ. ಅವನು ಕುಡಿಯದೆಯೂ ಮಾತು ಜಾಸ್ತಿಯೇ. ಕಾರ್ಡಿನಲ್ಲಿ ಅದನ್ನು ಸೇರಿಸಲಿಲ್ಲ. ‘ವಿಷಾದ’ದ ಬಾಟಲಿಯ ಹತ್ತಿರ ಬಸ್ ಕಂಡಕ್ಟರನ್ನು ನಾನೇ ಕರೆದು ನಿಲ್ಲಿಸಿದೆ. ಅವನು ಒಂದು ಗುಟುಕು ಕುಡಿದು, “ಬೇಜಾರೇನೂ ಆಗಲ್ಲ. ಚಳಿಗೆ ಚೆನ್ನಾಗಿದೆ” ಎಂದ. ಹಳೆಯ ಕಾರ್ಡನ್ನು ಭಾವನ ಎದುರೇ ಬಿಚ್ಚಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಿ, ಮಡಿಚಿ ಜೇಬಿಗೆ ಹಾಕಿಕೊಂಡರು.

ನಾನು ಗೆದ್ದೆ ಎಂದುಕೊಂಡಿದ್ದೆ. ಆದರೆ ಸಂತೋಷ ನನಗಿದ್ದಷ್ಟು ಅವರಿಗಿರಲಿಲ್ಲ. ಕೇಳುತ್ತಿದ್ದರು, ನಗುತ್ತಿದ್ದರು, ಜನ ಹೋದ ಮೇಲೆ ಖಾನೆ ಎಳೆದು ಜಾಡಿಗಳನ್ನು ಮೂಸುತ್ತಿದ್ದರು. ಔಷಧಿ ಅಂಗಡಿಯವರು ಎರಡು ಸಲ ಬಂದು ಗೋಡೆಗಳನ್ನು ಅಳೆದುಕೊಂಡು ಹೋದರು. ಎರಡನೆಯ ಸಲ ಬಂದಾಗ ನಾನು ಅವರಿಗೆ ನೀರು ಕೂಡ ಕೊಡಲಿಲ್ಲ.

ಮುಂದಿನ ಗುರುವಾರ ನಲ್ಲಿಯವನಿಗೂ ಒಂದು ಕುರ್ಚಿ ಹಾಕಿದ್ದೆವು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಶಾಲೆ ಮುಗಿಸಿ ಅಕ್ಕನೂ ಬಂದು ಮೂಲೆಯಲ್ಲಿ ಕೂತಿದ್ದಳು. ಭಾವ ಬಾಟಲಿ ತೆಗೆಯಲಿಲ್ಲ. ಮೇಜಿನ ತುದಿಯಲ್ಲಿ ನಿಂತು, ಹೋದ ವಾರ ತಾನು ಕಾಡಿನ ನೆಲ ಎಂದದ್ದು ಕೆಟ್ಟ ವೈನ್, ತನಗೆ ಮೂರು ತಿಂಗಳಿನಿಂದ ಯಾವ ವಾಸನೆಯೂ ಗೊತ್ತಾಗುತ್ತಿಲ್ಲ, ಒದ್ದೆ ರಟ್ಟು ಅಂದ ಇವರ ಮಾತೇ ನಿಜ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ನಿಜ ಹೇಳಬೇಕು ಅಂದ್ರೆ ನನಗೂ ಏನೋ ನಾತ ಬಂದಿತ್ತು. ನೀವು ಕಾಡು ಅಂದ್ರಿ. ನನಗೆ ಕಾಡು ಗೊತ್ತಿಲ್ಲ, ಹೀಗೇ ಇರುತ್ತೇನೋ ಅಂದ್ಕೊಂಡೆ.”

“ನನಗೂ” ಎಂದರು ಲೈಬ್ರರಿಯವರು. “ಕಣ್ಣು ಮುಚ್ಚಿಕೊಂಡಿದ್ದು ಅದಕ್ಕೇ.”

ಬಟ್ಟೆ ಅಂಗಡಿಯವರ ಹೆಂಡತಿ ಗಂಡನ ಮುಖ ನೋಡಿ, “ಇವರು ಎಲೆ ಎಲೆ ಅಂತಿದ್ರಲ್ಲ, ಅಷ್ಟು ಹೊತ್ತಿಗೆ ನಾನು ನನ್ನದನ್ನ ಗಿಡಕ್ಕೆ ಸುರಿದಾಗಿತ್ತು” ಎಂದರು. ಎಲ್ಲರೂ ಮೂಲೆಯ ಕುಂಡದ ಕಡೆ ತಿರುಗಿದರು. ವಾರದಿಂದ ಆ ಗಿಡ ಯಾಕೆ ಬಾಡಿದೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ನಲ್ಲಿಯವನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಆರು ಜನ ಮೂಗಿದ್ದವರು ಸೇರಿ ಮೂಗಿಲ್ಲದವನೊಬ್ಬನನ್ನು ನಂಬಿ ಕೆಟ್ಟ ವೈನ್ ಕುಡಿದು ಹೊಗಳಿದ್ದರು. ಇಂಥ ಎಡವಟ್ಟು ನಮ್ಮ ಮೇಜಿನಲ್ಲಲ್ಲದೆ ಬೇರೆಲ್ಲಿ ನಡೆದೀತು?

ನಗು ಮುಗಿದ ಮೇಲೆ ಭಾವ ಬೀಗದ ಕೈಯ ವಿಷಯ ಹೇಳಿದರು. ಲೈಬ್ರರಿಯವರು, “ನಾನು ಓದಿರೋದಕ್ಕಿಂತ ಓದದೇ ಇರೋ ಪುಸ್ತಕಾನೇ ನನ್ನ ಹತ್ತಿರ ಜಾಸ್ತಿ ಇದೆ. ಓದಿದವರು ಬಂದು ಹೇಳ್ತಾರೆ, ನಾನು ಮುಂದಿನವರಿಗೆ ಹೇಳ್ತೀನಿ. ಈಗ ನೀವು ಮಾಡ್ತಿರೋದು ಅದೇ ಅಲ್ವಾ?” ಎಂದರು.

“ಅದು ಬೇರೆ” ಎಂದರು ಭಾವ. “ಚೆನ್ನಾಗಿದೆ ಅಂತ ಹೇಳೋಕೆ ಯಾರಾದ್ರೂ ಸಿಗ್ತಾರೆ, ಈ ವಾರ ಅದು ಗೊತ್ತಾಯ್ತು. ಆದರೆ ಕೆಟ್ಟದ್ದು ಬಾಗಿಲು ದಾಟದ ಹಾಗೆ ನೋಡ್ಕೊಳ್ಳೋದು ಅಂಗಡಿಯವನ ಕೆಲಸ. ಯಾರೋ ದುಡಿದ ದುಡ್ಡಲ್ಲಿ ಒಂದು ಬಾಟಲಿ ತಗೊಂಡು ನನ್ನ ಮುಂದೇನೇ ತೆಗೀತಾರೆ, ಅದು ಕೆಟ್ಟಿರೋದು ನನಗೆ ಗೊತ್ತಾಗಲ್ಲ ಅಂದ್ರೆ ನಾನು ಇಲ್ಲಿ ಯಾಕೆ ನಿಂತಿರಬೇಕು?”

ಅವರು ಹೇಳಿದ್ದು ನ್ಯಾಯವಾಗಿತ್ತು, ಅದೇ ಸಂಕಟ.

ಮನೆಗೆ ಹೋಗುವ ದಾರಿಯಲ್ಲಿ ಭಾವ ಅಕ್ಕನಿಗೆ, “ನಿನಗೆ ಮೊದಲೇ ಹೇಳಬೇಕಿತ್ತು” ಎಂದರು.

“ಹೇಳೋದೇನಿದೆ?” ಎಂದಳು ಅಕ್ಕ. “ಒಲೆ ಮೇಲೆ ಹಾಲು ಸೀದು ಕರಕಲಾಗ್ತಿದ್ರೆ ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ಲೆಕ್ಕ ಮಾಡೋಕೆ ನನಗೆಷ್ಟು ಹೊತ್ತು ಬೇಕು? ನೀವಾಗೇ ಹೇಳಲಿ ಅಂತ ಸುಮ್ಮನಿದ್ದೆ.” ಆಮೇಲೆ ಅವರ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹಿಡಿದಳು.

ತಿಂಗಳ ಕೊನೆಯ ದಿನ ಔಷಧಿ ಅಂಗಡಿಯವರು ಹನ್ನೊಂದು ಗಂಟೆಗೆ ಬರುವುದಾಗಿ ಹೇಳಿದ್ದರು. ನಾನು ಬೆಳಿಗ್ಗೆ ಬೇಗ ಹೋಗಿ ಕಪಾಟು ಒರೆಸುತ್ತಿದ್ದೆ. ಮುಚ್ಚುವ ಅಂಗಡಿಯ ಕಪಾಟು ಯಾಕೆ ಒರೆಸಬೇಕೋ ಗೊತ್ತಿಲ್ಲ, ಕೈ ಸುಮ್ಮನಿರಲಿಲ್ಲ. ಭಾವ ಮೇಜಿನಲ್ಲಿ ಕೂತು, ಸಂಜೆ ಮನೆಗೆ ಕರೆದಿದ್ದ ಗುರುವಾರದವರಿಗೆ ಕೊನೆಯದಾಗಿ ಕೊಡಲು ಇಟ್ಟಿದ್ದ ಬಾಟಲಿಗಳನ್ನು ತೆಗೆಯುತ್ತಿದ್ದರು. ಮೊದಲನೆಯ ಬಿರಡೆ ಬಂದ ಸದ್ದಾಯಿತು. ಆಮೇಲೆ ಏನೂ ಸದ್ದಿಲ್ಲ. ತಿರುಗಿ ನೋಡಿದರೆ ಅವರು ಗ್ಲಾಸಿನೊಳಗೆ ಮೂಗಿಟ್ಟುಕೊಂಡು ಕಲ್ಲಿನಂತೆ ಕೂತಿದ್ದಾರೆ. ಕಣ್ಣು ತೆರೆದಿತ್ತು.

“ಪುಟ್ಟಿ.”

“ಏನು ಭಾವ?”

“ಇದು ಕೆಟ್ಟಿದೆ.”

ಪರೀಕ್ಷೆಯಲ್ಲಿ ಪಾಸಾದೆ ಎಂದು ಮನೆಗೆ ಬಂದು ಹೇಳುವ ಮಕ್ಕಳ ದನಿಯಲ್ಲಿ ಹೇಳಿದರು. ಒರೆಸುವ ಬಟ್ಟೆ ಬಿಸಾಡಿ ಓಡಿದೆ. ಮೂಸಿದೆ. ಒದ್ದೆ ರಟ್ಟು, ಹೊಡೆಯುವಷ್ಟು. “ಹೌದು ಭಾವ, ಕೆಟ್ಟಿದೆ” ಎಂದೆ. ಅವರು ಮತ್ತೆ ಮೂಸಿದರು, ಮತ್ತೆ ಮತ್ತೆ ಮೂಸಿದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಎಂಥಾ ಕೊಳಕು ನಾತ” ಎನ್ನುತ್ತಾ ನಗುತ್ತಿದ್ದರು. ನಾನೂ ಅತ್ತೆ. ಹಾಳಾದ ವೈನಿನ ಮುಂದೆ ಇಬ್ಬರು ವಯಸ್ಸಾದವರು ಹೀಗೆ ಕೂತದ್ದನ್ನು ಬೀದಿಯವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ನಾವಿಬ್ಬರೇ ಆದರೆ ಸಾಲದು ಎಂದು ನಲ್ಲಿಯವನಿಗೆ ಫೋನ್ ಮಾಡಿದೆ. ಎರಡು ಬೀದಿಯಾಚೆ ಕೆಲಸದಲ್ಲಿದ್ದವನು ಸ್ಪ್ಯಾನರ್ ಹಿಡಿದುಕೊಂಡೇ ಬಂದ. ಮೂಸಿ, “ಅದೇ ಸಾರ್, ಸಿಂಕ್ ಕೆಳಗಿಂದೇ” ಎಂದು ತೀರ್ಪು ಕೊಟ್ಟು, ಬಂದ ಹಾಗೇ ಹೋದ.

ಭಾವ ಅವಸರದಲ್ಲಿ ಎರಡನೆಯ ಬಾಟಲಿ ತೆಗೆದರು. ಮೂಸಿದರು. ಮೂಸುತ್ತಲೇ ಇದ್ದರು. ಮುಖದ ಬೆಳಕು ನಿಧಾನ ಇಳಿಯಿತು.

“ಇದರಲ್ಲಿ ಏನೂ ಇಲ್ಲ. ಬಿಳಿ ಕಾಗದ.”

ನಾನು ಮೂಸಿದೆ. ವೈನ್ ಒಳ್ಳೆಯದೇ ಇತ್ತು. ಖಾನೆಯ ಜಾಡಿಗಳನ್ನು ತಂದೆ. ಕಾಫಿಪುಡಿ ಇಲ್ಲ, ಕಿತ್ತಳೆ ಇಲ್ಲ, ಸೋಪು ಇಲ್ಲ, ಬೆಂಕಿಕಡ್ಡಿ ಇಲ್ಲ. ಮತ್ತೆ ಮೊದಲ ಗ್ಲಾಸು ಕೊಟ್ಟೆ. “ಥೂ” ಎಂದು ಮುಖ ಹಿಂದಕ್ಕೆ ಎಳೆದರು. ಮೂಗಿಗೆ ಮರಳಿ ಬಂದದ್ದು ಅದೊಂದೇ.

“ಕೆಟ್ಟದ್ದು ಮಾತ್ರ ಗೊತ್ತಾಗ್ತಿದೆ” ಎಂದರು, ಅರ್ಧ ನಗುತ್ತಾ, ಅರ್ಧ ಹೆದರುತ್ತಾ.

“ಅಂಗಡಿಯವನ ಕೆಲಸ ಅದೇ ಅಂತ ನೀವೇ ಹೇಳಿದ್ದು” ಎಂದೆ. “ಒಳ್ಳೇದನ್ನ ಹೇಳೋಕೆ ಇಡೀ ಬೀದಿ ಇದೆ.”

ಭಾವ ಗಡಿಯಾರ ನೋಡಿದರು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಎದ್ದು ಫೋನ್ ಮಾಡಿ, ಔಷಧಿ ಅಂಗಡಿಯವರಿಗೆ ಬರುವುದು ಬೇಡ, ತಪ್ಪು ತಿಳಿಯಬೇಡಿ, ಅಂಗಡಿ ಕೊಡುವುದಿಲ್ಲ ಎಂದರು. ಅಳತೆ ಪಟ್ಟಿಯನ್ನು ಹೋದ ಸಲ ಇಲ್ಲೇ ಬಿಟ್ಟುಹೋಗಿದ್ದಾರೆ, ಕಳಿಸುತ್ತೇನೆ ಎಂದೂ ಸೇರಿಸಿದರು.

ವಾಪಸು ಬಂದು ಕೂತು, ಎರಡನೆಯ ಬಾಟಲಿಯಿಂದ ಹೊಸ ಗ್ಲಾಸಿಗೆ ಸುರಿದು ನನ್ನ ಕಡೆ ಸರಿಸಿದರು. ಪೆನ್ನನ್ನು ನನ್ನ ಮುಂದಿನಿಂದ ತೆಗೆದು ತಾವು ಹಿಡಿದುಕೊಂಡರು.

“ನೀನು ಹೇಳು. ನಾನು ಬರೀತೀನಿ. ನಿನಗೇನನ್ನಿಸುತ್ತೆ?”

ಆರು ವರ್ಷ ಕಾದ ಪ್ರಶ್ನೆ ಎದುರಿಗೆ ಬಂದಾಗ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಕ್ಷಮೆ ಕೇಳುತ್ತಿದ್ದವರ ಅವಸ್ಥೆ ಆಗ ಅರ್ಥವಾಯಿತು. ಕೊನೆಗೆ ಇದ್ದದ್ದನ್ನೇ ಹೇಳಿದೆ.

“ಭಾವ, ನನಗೆ ಐಸ್ ಬೇಕು.”

ಅವರು ನನ್ನ ಮುಖ ನೋಡಿದರು. ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ ಎಂದುಕೊಂಡೆ. ಎದ್ದವರು ಹಿಂದಿನ ಕೋಣೆಗೆ ಹೋಗಿ, ಫ್ರಿಜ್ ತೆಗೆದು, ಬಟ್ಟಲಿನಲ್ಲಿ ಐಸ್ ತಂದು ತಾವೇ ಎರಡು ತುಂಡು ನನ್ನ ಗ್ಲಾಸಿಗೆ ಹಾಕಿದರು. ಕುಡಿದೆ. ಹೇಳಿದೆ. ಅವರ ಅಕ್ಷರ ಕಾಗೆಕಾಲು, ಸಾಲು ಒಂದು ಕಡೆ ವಾಲುತ್ತಿತ್ತು. ಆದರೂ ತಿದ್ದಲು ಬಿಡಲಿಲ್ಲ, ಹಾಗೇ ಬಾಟಲಿಯ ಕೊರಳಿಗೆ ಕಟ್ಟಿ ಬಾಗಿಲ ಎದುರಿನ ಕಪಾಟಿನಲ್ಲಿ ಇಟ್ಟರು. ಅದು ಈಗಲೂ ಅಲ್ಲೇ ಇದೆ.

“ಐಸ್ ಹಾಕಿಕೊಂಡು ಕುಡಿದೆ. ತುಂಬಾ ಚೆನ್ನಾಗಿತ್ತು. — ನನ್ನ ನಾದಿನಿ.”